ಕೇಳಿದ ದಿನವೇ ಹೇಳಬೇಕಾದ ಮಾತು

ಬೀರೂರು
೪ ಆಗಸ್ಟ್ ೨೦೨೪

ಮಗಳು ವನಜಾಕ್ಷಿಗೆ, ಮಂಚದ ಮೇಲೆ ಮಲಗಿಕೊಂಡೇ ನಿನ್ನ ದೊಡ್ಡಪ್ಪ ಕರಿಯಣ್ಣ ಮಾಡುವ ಆಶೀರ್ವಾದ.

ನಿನ್ನ ಮಗಳು ಶ್ರುತಿ ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಬಂದಳಂತೆ. ನಿನ್ನ ದೊಡ್ಡಮ್ಮ ಹುಲಿಯಮ್ಮ ಫೋನು ಹಿಡಿದುಕೊಂಡೇ ಕೂಗಿ ಹೇಳಿದಳು, ನನಗೆ ಕೇಳಿಸಲಿಲ್ಲ. ರೈಲ್ವೆ ಗ್ಯಾಂಗಿನಲ್ಲಿ ಹಳಿಯ ಮೇಲೆ ಸುತ್ತಿಗೆ ಹೊಡೆದು ಹೊಡೆದು ಹೋದ ಕಿವಿ ಇದು. ಕೊನೆಗೆ ಸ್ಲೇಟಿನ ಮೇಲೆ ‘ಹುಡುಗಿ ಬದುಕಿದಳು’ ಎಂದು ಬರೆದು ಮುಖಕ್ಕೆ ಹಿಡಿದಳು. ನಾನು ಅತ್ತೆ. "ಸೊಂಟ ಮುರಿದಾಗ ಅಳಲಿಲ್ಲ, ಈಗ ಅಳ್ತೀಯಲ್ಲೋ ಮುದುಕಪ್ಪ" ಅಂತ ಅವಳು ಅಂದಿರಬೇಕು, ತುಟಿ ನೋಡಿ ತಿಳಿದುಕೊಂಡೆ.

ಮೆದುಳು ಜ್ವರ ಬಂದವರು ಎದ್ದು ಕೂರುವುದು ಸಣ್ಣ ಮಾತಲ್ಲ. ನಮ್ಮ ತಗಡಿನ ಪ್ರಾರ್ಥನೆ ಮನೆಯಲ್ಲಿ ಎಲ್ಲರೂ ಅವಳಿಗಾಗಿ ಮೊಣಕಾಲೂರಿದ್ದರು. ನಾನು ಮೆಟ್ಟಿಲಿಂದ ಬಿದ್ದ ಮೇಲೆ ಅಲ್ಲಿ ಬೋಧನೆ ನಿಂತಿದೆ, ಹಾಡು ಮಾತ್ರ ನಡೆಯುತ್ತಿದೆಯಂತೆ. ನೀನು ಕೊನೆಯ ಸಲ ಬಂದಾಗ ಬೈಬಲಿನ ಆಸ ಎಂಬ ಅರಸನ ಭಾಗ ಹೇಳಿದ್ದೆನಲ್ಲ, ಅದೇ ನನ್ನ ಕಡೆಯ ಬೋಧನೆಯಾಯಿತು.

ನೀನು ದೊಡ್ಡಮ್ಮನ ಹತ್ತಿರ ‘ದೇವರ ಜೊತೆ ನನ್ನದು ಒಂದು ಇತ್ಯರ್ಥ ಆಗಿದೆ’ ಅಂದೆಯಂತೆ. ಏನು ಇತ್ಯರ್ಥವೋ ಬರೆ. ನಿನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಬಿಸಿಯೂಟದ ಅಡುಗೆ ಕೆಲಸಕ್ಕೆ ಮತ್ತೆ ಹೋಗುತ್ತಿದ್ದೀಯಾ?

ನಿನ್ನ ದೊಡ್ಡಪ್ಪ
ಕರಿಯಣ್ಣ

—

ಅಜ್ಜಂಪುರ
೧೧ ಆಗಸ್ಟ್ ೨೦೨೪

ದೊಡ್ಡಪ್ಪನವರಿಗೆ ವನಜಾಕ್ಷಿ ಮಾಡುವ ವಂದನೆಗಳು.

ಶ್ರುತಿ ಚೆನ್ನಾಗಿದ್ದಾಳೆ. ನೆನ್ನೆ ತಾನೇ ತಲೆ ಬಾಚಿಕೊಂಡಳು. ಮುಂದಿನ ವಾರ ತರೀಕೆರೆ ಕಾಲೇಜಿಗೆ ಹೋಗುತ್ತೇನೆ ಅನ್ನುತ್ತಾಳೆ. ಅವಳು ಊಟ ಮಾಡುವಾಗ ನಾನು ಎದುರಿಗೆ ಕೂತು ನೋಡುತ್ತೇನೆ. "ಅವ್ವ, ಹಂಗೆ ನೋಡ್ಬೇಡ, ನುಂಗಕ್ಕೆ ಆಗಲ್ಲ" ಅನ್ನುತ್ತಾಳೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಮೊನ್ನೆ ಅನ್ನ ಬಸಿಯುವಾಗ ಗಂಜಿ ಕಾಲ ಮೇಲೆ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ಪಕ್ಕದಲ್ಲಿದ್ದ ಸುಮನಾ ಕಿರುಚಿದಾಗ ನೋಡಿಕೊಂಡೆ. ಸಣ್ಣ ಗಾಯ.

ಇತ್ಯರ್ಥದ ವಿಷಯ ಕೇಳಿದ್ದೀರಿ. ಹೇಳುವುದಾದರೆ ನಿಮಗೊಬ್ಬರಿಗೇ ಹೇಳಬೇಕು. ಆದರೆ ಯಾರಿಗೂ ಹೇಳುವುದಿಲ್ಲ ಎಂದು ದೇವರ ಹೆಸರೆತ್ತಿ ಪ್ರಮಾಣ ಮಾಡಿ ಬರೆಯಬೇಕು. ದೊಡ್ಡಮ್ಮನಿಗೂ ಇಲ್ಲ, ಶ್ರುತಿಗೂ ಇಲ್ಲ, ಇವರಿಗಂತೂ ಇಲ್ಲವೇ ಇಲ್ಲ. ಪ್ರಮಾಣ ಬಂದ ಮೇಲೆ ಬರೆಯುತ್ತೇನೆ.

ನಿಮ್ಮ ಮಗಳು
ವನಜಾಕ್ಷಿ

—

ಬೀರೂರು
೧೫ ಆಗಸ್ಟ್ ೨೦೨೪

ವನಜಿ,

ನಿನ್ನ ಪತ್ರ ಓದಿ ನಗು ಬಂತು. ಗಂಡನಿಗೆ ಗೊತ್ತಾಗಬಾರದ ವಿಷಯ ಅಂದರೆ ಏನೆಂದು ನಾನು ಊಹಿಸಬಲ್ಲೆ. ಶ್ರುತಿಗೆ ದೀಕ್ಷಾಸ್ನಾನ ಮಾಡಿಸುತ್ತೇನೆ ಎಂದು ಹೇಳಿಕೊಂಡಿದ್ದೀಯ, ಅಲ್ಲವೇ? ಚಂದ್ರಕುಮಾರ್ ಬೌದ್ಧರಾದರೂ ಅದಕ್ಕೆ ಕೋಪ ಮಾಡುವವರಲ್ಲ ಕಣೇ. ಮದುವೆ ಮಾತುಕತೆಯಲ್ಲಿ ನಾನು ಧರ್ಮದ ಪ್ರಶ್ನೆ ಎತ್ತಿದಾಗ ಅವರು ಅಂದದ್ದು ನೆನಪಿದೆ: "ಅವಳಿಗೆ ನಿಮ್ಮ ದೇವ್ರು, ನನಗೆ ಬುದ್ಧ, ಇಬ್ಬರಿಗೂ ಒಂದೇ ಸಾರು. ಹೆಂಡ್ತಿಗೆ ಹುಕುಂ ಮಾಡೋನು ನಾನಲ್ಲ ಮಾವ." ನಿನ್ನ ಅಪ್ಪ ಲಕ್ಕಣ್ಣ ಆ ಮಾತು ಕೇಳಿಯೇ ಒಪ್ಪಿದ.

ಆದರೂ ನಿನ್ನ ಸಮಾಧಾನಕ್ಕೆ ಬರೆಯುತ್ತೇನೆ. ಆಕಾಶ ಭೂಮಿಗಳನ್ನು ಮಾಡಿದ ದೇವರ ಮುಂದೆ ಪ್ರಮಾಣ ಮಾಡುತ್ತೇನೆ. ನೀನು ಹೇಳುವುದನ್ನು ಯಾರಿಗೂ ಹೇಳುವುದಿಲ್ಲ. ಸಾಕೇ?

ಗಾಯಕ್ಕೆ ಡಾಕ್ಟರ ಹತ್ತಿರ ಕಟ್ಟು ಹಾಕಿಸಿಕೋ. ಸಕ್ಕರೆ ಇರುವವರಿಗೆ ಸಣ್ಣ ಗಾಯ ಎಂಬುದಿಲ್ಲ.

ದೊಡ್ಡಪ್ಪ

—

ಅಜ್ಜಂಪುರ
೨೨ ಆಗಸ್ಟ್ ೨೦೨೪

ದೊಡ್ಡಪ್ಪನವರಿಗೆ,

ಪ್ರಮಾಣ ತಲುಪಿತು. ಈಗ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಡಾಕ್ಟರು ‘ನಮ್ಮ ಕೈಲಾದದ್ದು ಮಾಡಿದ್ದೀವಿ, ಇನ್ನು ನೋಡಬೇಕು’ ಅಂದುಬಿಟ್ಟರು. ಗಾಜಿನ ಆಚೆ ಶ್ರುತಿಯ ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು. ಆಗ ನಿಮ್ಮ ಬೋಧನೆ ನೆನಪಾಯಿತು. ಆಸ ಅರಸನಿಗೆ ಕಾಲಿನಲ್ಲಿ ರೋಗ ಬಂತು, ಅವನು ದೇವರನ್ನು ಬಿಟ್ಟು ವೈದ್ಯರ ಹತ್ತಿರ ಹೋದ, ಸತ್ತ. ನೀವು ಕೈ ಎತ್ತಿ ‘ನೋಡಿ, ಯಾರನ್ನು ನೆಚ್ಚಿದ, ಏನಾಯಿತು’ ಅಂದಿರಿ. ನಾನು ಅಲ್ಲೇ ಬೆಂಚಿನ ಪಕ್ಕ ಕೂತು ಹರಕೆ ಹೊತ್ತೆ. ನನ್ನ ಮಗಳನ್ನು ಎಬ್ಬಿಸು, ನಾನು ಸಾಯುವ ತನಕ ನನ್ನ ಮೈಗೆ ವೈದ್ಯರನ್ನು ಮುಟ್ಟಿಸುವುದಿಲ್ಲ, ನೀನೊಬ್ಬನೇ ನನ್ನ ವೈದ್ಯ ಅಂದೆ. ಬೆಳಗಾಗುವಷ್ಟರಲ್ಲಿ ಶ್ರುತಿ ಕಣ್ಣು ಬಿಟ್ಟು "ಅವ್ವ, ನೀರು" ಅಂದಳು.

ಆವತ್ತಿನಿಂದ ಇನ್ಸುಲಿನ್ ಚುಚ್ಚಿಕೊಂಡಿಲ್ಲ. ಮಾತ್ರೆಯೂ ಇಲ್ಲ. ಇವರು ಬೆಳಗಿನ ಮೊದಲ ಬಸ್ಸು ಓಡಿಸುವ ಡ್ಯೂಟಿಗೆ ಹೋಗುತ್ತಾರೆ, ಸಂಜೆ ಬಂದು "ಮಾತ್ರೆ ಆಯ್ತೇನೇ?" ಅನ್ನುತ್ತಾರೆ. "ಆಯ್ತು ಕಣ್ರೀ" ಅನ್ನುತ್ತೇನೆ. ಈ ಸುಳ್ಳಿಗೆ ದೇವರು ಕ್ಷಮಿಸಬೇಕು.

ಕಾಲಿನ ಗಾಯ ಒಣಗಿಲ್ಲ. ಹೆಬ್ಬೆರಳು ಬಣ್ಣ ತಿರುಗಿದೆ. ಇವರಿಗೆ ಗೊತ್ತಿಲ್ಲ. ಕಾಲುಚೀಲ ಹಾಕಿಕೊಂಡೇ ಮಲಗುತ್ತೇನೆ. ನೋವಿಲ್ಲ, ಅದೊಂದು ಕೃಪೆ.

ನೀವು ಕಲಿಸಿದ್ದನ್ನೇ ಮಾಡಿದ್ದೇನೆ ದೊಡ್ಡಪ್ಪ. ನಿಮಗೆ ಸಂತೋಷ ಆಗುತ್ತದೆ ಅಂದುಕೊಂಡಿದ್ದೇನೆ.

ವನಜಾಕ್ಷಿ

—

ಬೀರೂರು
೨೬ ಆಗಸ್ಟ್ ೨೦೨೪

ಮಗಳೇ, ವನಜಾಕ್ಷಿ,

ನಿನ್ನ ಪತ್ರ ಕೈಯಲ್ಲಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಹುಲಿಯಮ್ಮ "ಏನಂತೆ?" ಅಂತ ಸನ್ನೆ ಮಾಡುತ್ತಾಳೆ, ನಾನು ಗೋಡೆ ಕಡೆ ತಿರುಗಿಕೊಳ್ಳುತ್ತೇನೆ. ಎಂಥ ಪ್ರಮಾಣ ಮಾಡಿಸಿಕೊಂಡೆ ನನ್ನ ಕೈಲಿ.

ನಾನು ಆವತ್ತು ತಪ್ಪು ಹೇಳಿದೆ. ಇವತ್ತು ಮತ್ತೆ ಆ ಭಾಗ ತೆಗೆದು ಓದಿದೆ. ಆಸ ವೈದ್ಯರ ಹತ್ತಿರ ಹೋದದ್ದು ಅಪರಾಧ ಎಂದು ಅಲ್ಲಿಲ್ಲ. ದೇವರನ್ನು ಕೇಳದೇ ಹೋದ ಎಂಬುದೇ ದೂರು. ಅಷ್ಟು ವ್ಯತ್ಯಾಸವನ್ನು ನಾನು ನುಂಗಿಬಿಟ್ಟೆ, ಬೋಧನೆ ಜೋರಾಗಿ ಬರಲಿ ಅಂತ. ಇನ್ನೊಬ್ಬ ಅರಸನಿಗೆ ಹುಣ್ಣಾಗಿ ಸಾಯುವ ಹಾಗಾದಾಗ ಪ್ರವಾದಿಯೇ ಬಂದು ಅಂಜೂರದ ಹಣ್ಣು ಅರೆದು ಹುಣ್ಣಿನ ಮೇಲೆ ಹಚ್ಚಿಸಿದ. ಅದು ಔಷಧವಲ್ಲದೆ ಇನ್ನೇನು? ದೇವರೇ ಕಳಿಸಿದ ಔಷಧ.

ನನ್ನನ್ನೇ ನೋಡು. ನನ್ನ ಸೊಂಟದಲ್ಲಿ ಡಾಕ್ಟರು ಹಾಕಿದ ಕಬ್ಬಿಣದ ಸಲಾಕೆ ಇದೆ. ಅದನ್ನು ಇಟ್ಟುಕೊಂಡೇ ಬೆಳಗ್ಗೆ ಸಂಜೆ ಪ್ರಾರ್ಥನೆ ಮಾಡುತ್ತೇನೆ. ಶ್ರುತಿಯನ್ನು ಉಳಿಸಿದ್ದು ಆಸ್ಪತ್ರೆಯ ಮೂಲಕವೇ ಅಲ್ಲವೇ? ಮಗಳಿಗೆ ಬೇಕಾದ ಡಾಕ್ಟರು ತಾಯಿಗೆ ಹೇಗೆ ಪಾಪವಾಗುತ್ತಾನೆ?

ಈ ಪತ್ರ ಮುಟ್ಟಿದ ಕೂಡಲೆ ಅಜ್ಜಂಪುರದ ಆಸ್ಪತ್ರೆಗೆ ಹೋಗು. ಕಾಲು ತೋರಿಸು. ನಾನು ಎದ್ದು ಬರುವ ಹಾಗಿದ್ದರೆ ನಾನೇ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಹೋಗವ್ವ. ಬೇಡಿಕೊಳ್ಳುತ್ತೇನೆ.

ದೊಡ್ಡಪ್ಪ

—

ಅಜ್ಜಂಪುರ
೨ ಸೆಪ್ಟೆಂಬರ್ ೨೦೨೪

ದೊಡ್ಡಪ್ಪನವರಿಗೆ,

ನಿಮ್ಮ ಸೊಂಟದಲ್ಲಿ ಕಬ್ಬಿಣ ಇರಬಹುದು. ನೀವು ಹರಕೆ ಹೊತ್ತಿರಲಿಲ್ಲ. ನಾನು ಹೊತ್ತಿದ್ದೇನೆ.

ಬೋಧನೆ ತಪ್ಪಾಗಿದ್ದರೂ ನನ್ನ ಬಾಯಿಂದ ಹೋದ ಮಾತು ಹೋಗಿದೆ. ಹರಕೆ ತೀರಿಸುವುದಕ್ಕಾಗದಿದ್ದರೆ ಹೊರಲೇಬಾರದಿತ್ತು ಎಂದು ನೀವೇ ಎಷ್ಟು ಸಲ ಓದಿಸಿದ್ದೀರಿ. ಮಗಳನ್ನೇ ಹರಕೆಗೆ ಕೊಡಬೇಕಾಗಿ ಬಂದ ಆ ಸೇನಾಪತಿಯ ಕಥೆ ಓದುವಾಗ ನೀವು ಅತ್ತಿದ್ದಿರಿ. ಅವನು ಕೊಟ್ಟ. ನಾನು ಕೊಡುತ್ತಿರುವುದು ನನ್ನ ಕಾಲು ಮಾತ್ರ.

ನನ್ನ ತಮ್ಮ ವೇಣುವನ್ನು ನೀವು ಮರೆತಿರಾ? ಅವನಿಗೆ ದಡಾರ ಎದ್ದಾಗ ಅವ್ವ ಊರ ಅಮ್ಮನಿಗೆ ಹರಕೆ ಹೊತ್ತಳು. ಅವನು ಉಳಿದ. ‘ಮುಂದಿನ ವರ್ಷ ತೀರಿಸಿದರಾಯಿತು’ ಅಂದಳು. ಆ ಮುಂದಿನ ವರ್ಷ ಬರುವ ಮುಂಚೆ ಬುಕ್ಕಾಂಬುಧಿ ಕೆರೆಯಲ್ಲಿ ಅವನು ಸಿಕ್ಕಿದ. ನಾನು ದಡದಲ್ಲಿ ನಿಂತಿದ್ದೆ. ನಾವು ನಿಮ್ಮ ದೇವರ ಹತ್ತಿರ ಬಂದದ್ದು ಆಮೇಲೆ. ಅವ್ವ ಸಾಯುವ ತನಕ "ನಾನೇ ಕೊಂದೆ ಕಣೇ, ತಡ ಮಾಡಿ ಕೊಂದೆ" ಅಂತಿದ್ದಳು. ಅದು ಸುಳ್ಳು ದೇವರು ಅಂತ ನೀವು ಸಮಾಧಾನ ಹೇಳಿದಿರಿ. ಸರಿ. ಈಗ ನಾನು ಮಾತು ಕೊಟ್ಟಿರುವುದು ಸತ್ಯ ದೇವರಿಗೆ. ಸುಳ್ಳು ದೇವರೇ ಅಷ್ಟು ಮಾಡಿದರೆ?

ಶ್ರುತಿ ಈಗ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳು ಬರುವ ತನಕ ಬಾಗಿಲಲ್ಲಿ ಕೂತಿರುತ್ತೇನೆ.

ಬೆರಳು ಕಪ್ಪಗಾಗಿದೆ. ಪಾದದ ಮೇಲೂ ಏರಿದೆ. ವಾಸನೆ ಬರುತ್ತದೆ ಅಂತ ಬುದ್ಧನ ಪಟದ ಮುಂದೆ ಊದಿನಕಡ್ಡಿ ಹಚ್ಚಿ ಇಡುತ್ತೇನೆ. ಇವರು ನೋಡಿ ಖುಷಿಪಟ್ಟರು. "ಏನಮ್ಮಾ, ಕೊನೆಗೂ ನಮ್ಮ ಕಡೆ ವಾಲಿದ್ಯಲ್ಲ" ಅಂತ ನಗಾಡಿದರು. ನಾನೂ ನಕ್ಕೆ. ಚಳಿಜ್ವರ ಬಂದು ಹೋಗಿ ಮಾಡುತ್ತಿದೆ.

ಇನ್ನು ಮೇಲೆ ಈ ವಿಷಯ ಬರೆಯಬೇಡಿ. ನಿಮ್ಮ ಪ್ರಮಾಣ ನೆನಪಿರಲಿ.

ವನಜಾಕ್ಷಿ

—

ಬೀರೂರು
೫ ಸೆಪ್ಟೆಂಬರ್ ೨೦೨೪

ಅಳಿಯಂದಿರು ಚಂದ್ರಕುಮಾರ್ ಅವರಿಗೆ, ಕರಿಯಣ್ಣನ ನಮಸ್ಕಾರ.

ಈ ಪತ್ರವನ್ನು ನಮ್ಮ ಪ್ರಾರ್ಥನೆ ಮನೆಯ ಪ್ರಕಾಶ್ ತರೀಕೆರೆ ಬಸ್ ನಿಲ್ದಾಣದಲ್ಲಿ ನಿಮ್ಮ ಕೈಗೇ ಕೊಡುತ್ತಾನೆ. ಓದಿ ಮುಗಿಸುವ ತನಕ ದಯವಿಟ್ಟು ಬಸ್ಸು ಹೊರಡಿಸಬೇಡಿ. ಆಮೇಲೆ ಬಸ್ಸನ್ನು ಬೇರೆಯವರಿಗೆ ವಹಿಸಿ ಮನೆಗೆ ಹೋಗಿ.

ವನಜಾಕ್ಷಿಯ ಕಾಲುಚೀಲ ಬಿಚ್ಚಿಸಿ ನೋಡಿ. ಅವಳು ಔಷಧವನ್ನೆಲ್ಲ ಬಿಟ್ಟಿದ್ದಾಳೆ. ಶ್ರುತಿ ಬದುಕಿದರೆ ವೈದ್ಯರನ್ನು ಮುಟ್ಟಿಸುವುದಿಲ್ಲ ಎಂದು ದೇವರಿಗೆ ಹರಕೆ ಹೊತ್ತಿದ್ದಾಳೆ. ನಾನು ಅರೆಬರೆ ಮಾಡಿದ ಬೋಧನೆ ಕೇಳಿ ಹೊತ್ತದ್ದು.

ಎತ್ತಿಕೊಂಡು ಹೋದರೆ ಸಾಲದು ಅಳಿಯಂದ್ರೇ. ಕಾಲು ಆಸ್ಪತ್ರೆಗೆ ಹೋಗುತ್ತದೆ, ಅವಳು ಹೋಗುವುದಿಲ್ಲ. ಮಾತ್ರೆ ಉಗುಳುತ್ತಾಳೆ, ಆಪರೇಷನ್ನಿಗೆ ಸಹಿ ಹಾಕುವುದಿಲ್ಲ. ಹರಕೆ ಮುರಿದರೆ ಶ್ರುತಿ ಸಾಯುತ್ತಾಳೆ ಎಂದು ನಂಬಿದ್ದಾಳೆ. ನಾನು ಬೇಡಿಕೊಂಡು ಪತ್ರ ಬರೆದೆ, ಆಗಲಿಲ್ಲ. ನನ್ನ ಮಾತಿಂದಲೇ ನನಗೆ ಉತ್ತರ ಕೊಟ್ಟಳು.

ಒಂದೇ ಬಾಗಿಲು ಉಳಿದಿದೆ. ಇಬ್ರಿಯರಿಗೆ, ಅಂದರೆ ಹಿಂದಿನ ಕಾಲದ ಯೆಹೂದ್ಯರಿಗೆ, ಮೋಶೆ ಕೊಟ್ಟ ಕಟ್ಟಳೆಯಲ್ಲಿ ಅದನ್ನು ಕಂಡೆ. ಹೆಂಡತಿ ಹರಕೆ ಹೊತ್ತರೆ, ಗಂಡ ಅದನ್ನು ಕೇಳಿದ ದಿನವೇ ‘ಬೇಡ’ ಅಂದರೆ ಆ ಹರಕೆ ಬಿದ್ದುಹೋಗುತ್ತದೆ, ದೇವರು ಅವಳನ್ನು ಕ್ಷಮಿಸುತ್ತಾನೆ. ಸುಮ್ಮನಿದ್ದರೆ ಹರಕೆ ನಿಲ್ಲುತ್ತದೆ. ಅವರ ಲೆಕ್ಕದಲ್ಲಿ ಸೂರ್ಯ ಮುಳುಗಿದರೆ ದಿನ ಮುಗಿಯಿತು. ನಿಮಗೆ ಇದು ಗೊತ್ತಿಲ್ಲ ಎಂದು ಅವಳೇ ಬರೆದಿದ್ದಾಳೆ. ಹಾಗಾಗಿ ಈ ಪತ್ರ ಓದಿದ ದಿನವೇ ನೀವು ಕೇಳಿದ ದಿನ. ಹೊತ್ತು ಮುಳುಗುವುದರೊಳಗೆ ಅವಳ ಎದುರು ನಿಂತು ಬಾಯಿ ಬಿಟ್ಟು ಹೇಳಬೇಕು.

ಕಟ್ಟಳೆಯ ಉಳಿದರ್ಧವನ್ನೂ ಮುಚ್ಚಿಡಬಾರದು. ಅರ್ಧ ಹೇಳಿಯೇ ಇಲ್ಲಿಗೆ ಬಂದಿದ್ದೇವೆ. ಗಂಡ ಮೊದಲೇ ಕೇಳಿ ಸುಮ್ಮನಿದ್ದು ಆಮೇಲೆ ಬೇಡ ಅಂದರೆ, ಆ ಪಾಪವನ್ನು ಗಂಡ ಹೊರಬೇಕು. ನಿಮಗೆ ಆ ಮಾತು ಅನ್ವಯಿಸುವುದಿಲ್ಲ, ನೀವು ಕೇಳುತ್ತಿರುವುದೇ ಇವತ್ತು.

ಹೆಂಡತಿಗೆ ಹುಕುಂ ಮಾಡುವವರು ನೀವಲ್ಲ. ನಿಮ್ಮ ಆ ಗುಣ ನೋಡಿಯೇ ಹೆಣ್ಣು ಕೊಟ್ಟೆವು. ಹೆಂಗಸಿನ ಮಾತನ್ನು ಗಂಡಸು ಅಳಿಸುವ ಕಟ್ಟಳೆ ನಿಮಗೆ ಅಸಹ್ಯ ಎನಿಸುತ್ತದೆ. ಎನಿಸಲಿ. ಒಂದು ಸಲ, ಒಂದೇ ಸಲ, ಹುಕುಂ ಮಾಡಿ.

ಯಾರಿಗೂ ಹೇಳುವುದಿಲ್ಲ ಎಂದು ನಾನು ಅವಳಿಗೆ ದೇವರಾಣೆ ಮಾಡಿದ್ದೆ. ಗಂಡಸಿನ ಪ್ರಮಾಣ ಬಿಡಿಸುವವರು ಆ ಕಟ್ಟಳೆಯಲ್ಲಿ ಯಾರೂ ಇಲ್ಲ, ಹುಡುಕಿದೆ. ಅದು ನನ್ನ ಪಾಡು. ನೀವು ಹೋಗಿ.

ಕರಿಯಣ್ಣ

—

ಶಿವಮೊಗ್ಗ
೧೨ ಸೆಪ್ಟೆಂಬರ್ ೨೦೨೪

ದೊಡ್ಡಮಾವ ಅವರಿಗೆ ಚಂದ್ರಕುಮಾರನ ನಮಸ್ಕಾರಗಳು.

ಫೋನಿನಲ್ಲಿ ದೊಡ್ಡಮ್ಮನಿಗೆ ಹೇಳಿದಷ್ಟು ನಿಮಗೆ ತಲುಪಿರಬಹುದು. ವನಜಾಕ್ಷಿ ಬದುಕಿದ್ದಾಳೆ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಇನ್ನೂ ಒಂದೆರಡು ದಿನ ಬಿಟ್ಟಿದ್ದರೆ ಆಳೇ ಇರುತ್ತಿರಲಿಲ್ಲ ಅಂದರು. ಉಳಿದದ್ದನ್ನು ಫೋನಿನಲ್ಲಿ ಹೇಳುವುದಕ್ಕೆ ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಓದಿ ಮನೆಗೆ ಹೋದೆ. ಅವಳು ಬಾಗಿಲಲ್ಲಿ ಶ್ರುತಿಗಾಗಿ ಕಾಯುತ್ತಾ ಕೂತಿದ್ದಳು. ಕಾಲುಚೀಲ ನಾನೇ ಎಳೆದೆ. ಅಲ್ಲಿ ಕಂಡದ್ದನ್ನು ಬರೆಯುವುದಿಲ್ಲ. "ಹೊತ್ತು ಮುಳುಗಿಲ್ಲ. ನಾನು ಬೇಡ ಅಂತೀನಿ. ನಿನ್ನ ಹರಕೆ ಬೇಡ. ನಡಿ" ಅಂದೆ. ನನ್ನ ಬಾಯಿಗೇ ಆ ಮಾತು ಹೊಸದು.

ಅವಳು ನನ್ನ ಮುಖ ನೋಡಿ ಅಂದಳು: "ದೊಡ್ಡಪ್ಪ ಹೇಳಿಬಿಟ್ರು ಅಲ್ವಾ. ಆದ್ರೆ ನಿಮಗೆ ಇವತ್ತಲ್ಲ ಕಣ್ರೀ ಗೊತ್ತಾಗಿದ್ದು. ಆಸ್ಪತ್ರೇಲಿ ಮಗು ಕಣ್ಣು ಬಿಟ್ಟ ದಿನಾನೇ ನಿಮಗೆ ಹೇಳಿದ್ನಲ್ಲ."

ಹೇಳಿದ್ದಳು ಮಾವ. ನನಗೆ ನೆನಪಾಯಿತು. ‘ಹರಕೆ ಹೊತ್ತಿದ್ದೀನಿ, ಇನ್ನು ಮೇಲೆ ಡಾಕ್ಟರ ಹತ್ರ ಹೋಗಲ್ಲ’ ಅಂದಿದ್ದಳು. ನಿದ್ದೆ ಇಲ್ಲದೆ ಆಡಿದ ಮಾತು, ಎರಡು ದಿನಕ್ಕೆ ಮರೆಯುತ್ತಾಳೆ ಅಂದುಕೊಂಡೆ. "ನಿನ್ನ ದೇವ್ರು, ನಿನ್ನ ಮಾತು" ಅಂದು ಕಾಫಿ ತರುವುದಕ್ಕೆ ಹೋದೆ. ಅದನ್ನು ನಾನು ದೊಡ್ಡತನ ಅಂದುಕೊಂಡಿದ್ದೆ. ‘ಇವರಿಗೆ ಗೊತ್ತಿಲ್ಲ’ ಎಂದು ಅವಳು ನಿಮಗೆ ಬರೆದದ್ದು ಕಾಲಿನ ವಿಷಯ ಮಾತ್ರ. ಹರಕೆ ನೆನಪಿಸಿದರೆ ನಾನು ತಡವಾಗಿ ಬೇಡ ಅಂದು ಪಾಪ ಕಟ್ಟಿಕೊಳ್ಳುತ್ತೇನೆ ಅಂತಲೇ ನಿಮ್ಮಿಂದ ಆಣೆ ಮಾಡಿಸಿಕೊಂಡಿದ್ದಳಂತೆ.

ಆ ಕಟ್ಟಳೆ ಅವಳಿಗೂ ಗೊತ್ತಿತ್ತು. "ಅವತ್ತೇ ನೀವು ಬೇಡ ಅಂತೀರೇನೋ ಅಂತ ಕಾದೆ. ನೀವು ಅನ್ನಲಿಲ್ಲ. ಈಗ ಅಂದ್ರೆ ಪಾಪ ನಿಮ್ಮ ಮೇಲೆ ಬರ್ತದೆ. ಸುಮ್ನೆ ಹೋಗ್ರೀ" ಅಂದಳು. ಕಾದೆ ಅಂದಳು ಮಾವ. ಆ ಮಾತು ನನ್ನನ್ನು ಬಿಡುತ್ತಿಲ್ಲ.

ನಾನು ಅಂದೆ: "ಬರಲಿ. ನಂಗೆ ಅದರ ಭಾರ ಗೊತ್ತಾಗಲ್ಲ, ನಾನು ನಂಬೋನಲ್ಲ. ನಿನಗೆ ಭಾರ ಅಲ್ವಾ, ಇತ್ಲಾಗೆ ಕೊಡು. ನಾನು ಹೊತ್ಕೋತೀನಿ."

ಅವಳು ಬಹಳ ಹೊತ್ತು ಅತ್ತಳು. ಅಷ್ಟರಲ್ಲಿ ಶ್ರುತಿ ಬಂದಳು, ಕಾಲು ನೋಡಿ ಬಾಗಿಲಲ್ಲೇ ಕುಸಿದಳು. ಆಗ ವನಜಾಕ್ಷಿ ಎದ್ದಳು ನೋಡಿ. ನನ್ನ ಹೆಗಲ ಮೇಲೆ ಕೈ ಹಾಕಿ ಎದ್ದಳು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ನನಗೆ ಸ್ವಲ್ಪ ಮೈ ಬಿಸಿಯಾಯಿತು, ವಾರ್ಡಿನಲ್ಲಿ ಸೊಳ್ಳೆ ಇವೆ. ಅವಳಿಗೆ ಹೇಗೋ ತಿಳಿಯಿತು. ಕೈಗೆ ಹಾಕಿದ್ದ ಡ್ರಿಪ್ ಕಿತ್ತುಕೊಂಡು "ಇವರನ್ನ ನೋಡಿ, ಇವರನ್ನ ಮೊದಲು ನೋಡಿ" ಎಂದು ನರ್ಸಿನ ಸೀರೆ ಹಿಡಿದು ಕೂಗಿದಳು. ಅವತ್ತಿನಿಂದ ಊಟವಿಲ್ಲ. ಮೊದಲು ಮಗಳು ಸಾಯುತ್ತಾಳೆ ಅಂತ ಹೆದರಿದ್ದಳು, ಈಗ ನಾನು ಸಾಯುತ್ತೇನೆ ಅಂತ. ಹೊಲಿಗೆ ಒಣಗುತ್ತಿಲ್ಲ. ‘ತಿನ್ನದಿದ್ದರೆ ಇನ್ನೂ ಮೇಲಕ್ಕೆ ಕತ್ತರಿಸಬೇಕಾಗುತ್ತದೆ’ ಅಂತ ಡಾಕ್ಟರು ನನಗೆ ಬೈದರು.

ನಾನು ಏನು ಹೇಳಿದರೂ "ನೀವು ನಂಬೋರಲ್ಲ, ನಿಮಗೇನು ಗೊತ್ತು" ಅನ್ನುತ್ತಾಳೆ. ನಿಮ್ಮ ಮೇಲೆ ಕೋಪ ಇದೆ, ಆದರೂ ನಂಬುವುದು ನಿಮ್ಮನ್ನೇ. ಪುಸ್ತಕದಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ನನ್ನ ಮೇಲೆ ಏನೂ ಇಲ್ಲ ಎಂದು ಬರೆಯಿರಿ. ಪ್ರಕಾಶ್ ಇಲ್ಲೇ ಇದ್ದಾನೆ, ಈ ಪತ್ರ ತಂದು ಕೊಟ್ಟು ನಿಮ್ಮ ಉತ್ತರ ತರುತ್ತಾನೆ.

ಚಂದ್ರಕುಮಾರ್

—

ಬೀರೂರು
೧೨ ಸೆಪ್ಟೆಂಬರ್ ೨೦೨೪, ಸಂಜೆ

ವನಜಿ,

ನನ್ನ ಮೇಲೆ ಕೋಪ ಇರಲಿ. ಪ್ರಮಾಣ ಮುರಿದೆ. ಮತ್ತೆ ಅದೇ ಗಳಿಗೆ ಬಂದರೆ ಮತ್ತೆ ಮುರಿಯುತ್ತೇನೆ.

ಪ್ರಕಾಶ್ ಬಾಗಿಲಲ್ಲಿ ನಿಂತಿದ್ದಾನೆ, ಶಿವಮೊಗ್ಗದ ರೈಲು ಹಿಡಿಯಬೇಕು. ನಿನ್ನ ಗಂಡ ಒಂದು ಮಾತು ಕೇಳಿದ್ದಾರೆ. ಪುಸ್ತಕದಲ್ಲಿ ಇಲ್ಲದಿದ್ದರೂ ಬರೆಯಿರಿ ಅಂದಿದ್ದಾರೆ. ನಾನು ಇಲ್ಲದ್ದನ್ನು ಬರೆಯುವುದಿಲ್ಲ. ಇದ್ದದ್ದನ್ನು ಬಿಡುವುದೂ ಇಲ್ಲ. ಮಧ್ಯಾಹ್ನದಿಂದ ಹಾಳೆ ಮಗುಚುತ್ತಿದ್ದೇನೆ, ಹುಲಿಯಮ್ಮ ದೀಪ ತಂದಿಟ್ಟಳು.

ಎಲ್ಲರ ಪಾಪವನ್ನು ಕ್ರಿಸ್ತನು ಹೊತ್ತಾಯಿತು ಎಂದು ಬರೆದರೆ, ನೀನು ‘ಹೌದು ದೊಡ್ಡಪ್ಪ’ ಎಂದು ತಲೆ ಆಡಿಸಿ ಮತ್ತೆ ಗಂಡನ ಹಣೆ ಮುಟ್ಟಿ ನೋಡುತ್ತೀಯ. ನೀನು ಹೆದರಿರುವುದು ಮೋಶೆಯ ಕಟ್ಟಳೆಗೆ. ಅಲ್ಲಿಂದಲೇ ಹೇಳುತ್ತೇನೆ ಕೇಳು.

ಗಂಡ ತಡಮಾಡಿ ಬಿಡಿಸಿದರೆ ಪಾಪ ಗಂಡನದು. ಅದು ಇದೆ, ನಾನೇ ಅವರಿಗೆ ಬರೆದೆ. ಆದರೆ ಅದಕ್ಕೂ ಹಿಂದೆ ಇನ್ನೊಂದು ಕಟ್ಟಳೆ ಇದೆ. ಜನರ ಮುಂದೆ ನಿಲ್ಲುವ ಯಾಜಕನೇ ತಿಳಿಯದೆ ತಪ್ಪಿ, ಅದರಿಂದ ಜನರು ಅಪರಾಧಕ್ಕೆ ಬಿದ್ದರೆ, ಬಲಿ ತರಬೇಕಾದವನು ಅವನು. ಜನರಲ್ಲ. ನಾನು ಅಭಿಷೇಕ ಆದ ಯಾಜಕನಲ್ಲ ನಿಜ. ಆದರೆ ಆ ತಗಡಿನ ಮನೆಯಲ್ಲಿ ಎದ್ದು ನಿಂತು ‘ದೇವರು ಹೀಗೆ ಹೇಳುತ್ತಾನೆ’ ಅಂದವನು ನಾನೊಬ್ಬನೇ. ಆಸ ಅರಸನ ಕಥೆಯನ್ನು ಮುರಿದು ಕೊಟ್ಟವನು ನಾನು. ನೀನು ಹರಕೆ ಹೊತ್ತದ್ದು ಅದರಿಂದ, ಅವರು ಅದನ್ನು ಬಿಡಿಸಬೇಕಾಗಿ ಬಂದದ್ದೂ ಅದರಿಂದ. ನೀರು ಕೆರೆಯ ಕಡೆಗೇ ಹರಿಯುವ ಹಾಗೆ ಇದು ನನ್ನ ಕಡೆಗೇ ಬರುತ್ತದೆ. ನಿನ್ನ ಗಂಡನ ಹತ್ತಿರ ನಿಲ್ಲುವುದಿಲ್ಲ.

ಈಗ ಹೊತ್ತು ಮುಳುಗುತ್ತಿದೆ. ಹುಲಿಯಮ್ಮನನ್ನು ಸಾಕ್ಷಿಗೆ ಕೂರಿಸಿಕೊಂಡು ದೇವರ ಮುಂದೆ ಇಷ್ಟನ್ನೂ ಬಾಯಿಬಿಟ್ಟು ಹೇಳಿದೆ. ನನ್ನ ದನಿ ನನಗೆ ಕೇಳಿಸುವುದಿಲ್ಲ. ಜೋರಾಗಿಯೇ ಹೇಳಿದ್ದೇನಂತೆ, ಪಕ್ಕದ ಮನೆಯವರು ಬಂದು ಇಣುಕಿದರು. ಅವಳು ಅಳುತ್ತಾ ಸ್ಲೇಟಿನಲ್ಲಿ ಬರೆದಳು: ‘ನಿನ್ನ ಪಾಲಿನಲ್ಲಿ ನನಗೂ ಅರ್ಧ ಇರಲಿ, ನಾನೂ ಆವತ್ತು ಆಮೆನ್ ಅಂದಿದ್ದೆ.’

ವೇಣುವನ್ನು ಕೆರೆ ತೆಗೆದುಕೊಂಡಿತು ವನಜಿ. ಹರಕೆ ಅಲ್ಲ. ಇದನ್ನು ನಿನ್ನ ಅವ್ವನಿಗೆ ನಾನು ಸರಿಯಾಗಿ ಹೇಳಲಿಲ್ಲ. ಅದು ಸುಳ್ಳು ದೇವರು ಅಂದೆನೇ ಹೊರತು, ಯಾವ ದೇವರೂ ಹಾಗೆ ಮಗುವನ್ನು ಕಾದು ಕೂತು ಹಿಡಿಯುವುದಿಲ್ಲ ಅನ್ನಲಿಲ್ಲ. ನಾವು ದೇವರನ್ನು ಬದಲಾಯಿಸಿಕೊಂಡು ಆ ಹೆದರಿಕೆಯನ್ನು ಹಾಗೇ ಮಡಿಲಲ್ಲಿ ಕಟ್ಟಿಕೊಂಡು ಬಂದೆವು.

ಇನ್ನು ಮುಂದೆ ಎಲ್ಲಿ ಏನು ಬಂದರೂ ನನ್ನ ಕಡೆ ನೋಡು. ನಾನು ಎಪ್ಪತ್ತು ದಾಟಿದವನು, ಸೊಂಟ ಮುರಿದವನು. ನನಗೆ ಏನಾದರೂ ಆದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ, ನಿನಗೂ ಆಗಬಾರದು.

ಈಗ ಅನ್ನ ತಿನ್ನು. ಸೂಜಿಗೆ ಕೈ ಕೊಡು. ಚಂದ್ರಕುಮಾರರಿಗೆ ಜ್ವರ ಬಂದರೆ, ಅದು ಜ್ವರ ಅಷ್ಟೇ ಕಣೇ. ಮಾತ್ರೆ ಕೊಡಿಸು.

ನಿನ್ನ ದೊಡ್ಡಪ್ಪ
ಕರಿಯಣ್ಣ